ಈ ಬಾರಿ ನೆಲವೇ ಡೊಂಕಾಗಿತ್ತು: ಒಂದು ಮೊದಲ ಮಾದರಿ ವಿಮಾನದ ಪ್ರಕರಣ ಅಧ್ಯಯನ

ನಾಲ್ಕು ಬಾರಿ ಮೈದಾನಕ್ಕೆ ಹೋಗಿ ಬಂದ ಮೇಲೂ ಆ ವಿಮಾನ ಗಾಳಿಯಲ್ಲಿದ್ದ ಒಟ್ಟು ಸಮಯ 57 ಸೆಕೆಂಡು. ಅದನ್ನು ಕಟ್ಟಲು ಹಿಡಿದದ್ದು ಐದು ವಾರ. ಕಟ್ಟಿದವರು ನನ್ನ ಸಹೋದ್ಯೋಗಿ. ರೇಡಿಯೋ ನಿಯಂತ್ರಿತ ಮಾದರಿ ವಿಮಾನದ ಹವ್ಯಾಸಕ್ಕೆ ಅವರು ಹೊಸಬರು, ನಾನು ಹಳಬ. ನಾಲ್ಕನೆಯ ಬಾರಿ ಮುರಿದ ಮೂಗನ್ನು ಚೀಲಕ್ಕೆ ತುಂಬಿಕೊಳ್ಳುತ್ತಾ ಅವರು, "ನನ್ನ ಕೈಗೆ ಇದು ಒಲಿಯುವುದಿಲ್ಲ, ಬಿಡಿ" ಎಂದರು. ಆ ಮಾತನ್ನು ನಾನೂ ಮನಸ್ಸಿನೊಳಗೆ ಒಪ್ಪಿಬಿಟ್ಟಿದ್ದೆ. ಈ ಪ್ರಕರಣದಲ್ಲಿ ನನ್ನನ್ನು ಇಂದಿಗೂ ಕಾಡುವುದು ಅದೇ.

ಕುಣಿಯಲಾರದವಳು ನೆಲ ಡೊಂಕು ಎಂದಳು ಎಂಬ ಗಾದೆ ನಮ್ಮೊಳಗೆ ಎಷ್ಟು ಆಳವಾಗಿ ಕೂತಿದೆಯೆಂದರೆ, ಪ್ರಾಮಾಣಿಕವಾಗಿ ಕಲಿಯಲು ಬಂದವರು ನೆಲದ ಮೇಲೆ ದೂರು ಹೇಳುವುದಕ್ಕೇ ನಾಚುತ್ತಾರೆ. ವಿಮಾನ ಬಿದ್ದಾಗಲೆಲ್ಲ ಇವರು ತಮ್ಮ ಹೆಬ್ಬೆರಳನ್ನೇ ದೂರಿಕೊಂಡರು. ಇಲ್ಲಿ ನೆಲ ನಿಜವಾಗಿಯೂ ಡೊಂಕಾಗಿತ್ತು. ಅದನ್ನು ಕಂಡುಹಿಡಿಯಲು ಬೇಕಾಗಿದ್ದದ್ದು ಒಂದು ಅಳತೆಪಟ್ಟಿ, ಒಂದು ತೂಕದ ಯಂತ್ರ ಮತ್ತು ಅರ್ಧ ಗಂಟೆ. ಅಲ್ಲಿಗೆ ಬಂದು ಸೇರಲು ನಮಗೆ ನಾಲ್ಕು ಅಪಘಾತಗಳು ಬೇಕಾದವು. ಪ್ರತಿ ಹಾರಾಟವನ್ನೂ ಅವರು ಮೊಬೈಲಿನಲ್ಲಿ ಚಿತ್ರೀಕರಿಸಿಕೊಂಡಿದ್ದರು, ಪ್ರತಿ ದುರಸ್ತಿಯ ನೆನಪೂ ಹಸಿಯಾಗಿತ್ತು. ಹಾಗಾಗಿ ಏನಾಯಿತು, ಯಾಕಾಯಿತು ಎಂಬುದನ್ನು ಅಂಕಿಗಳ ಸಮೇತ ಬರೆಯಲು ಸಾಧ್ಯವಾಗಿದೆ.

ವಿಮಾನ

ಮೊದಲ ವಿಮಾನಕ್ಕೆ ಅವರ ಆಯ್ಕೆ ಸರಿಯಾಗಿಯೇ ಇತ್ತು. ಹೊಸಬರಲ್ಲಿ ಅನೇಕರು ಯುದ್ಧವಿಮಾನದ ಚೆಂದಕ್ಕೆ ಮನಸೋತು ಅದರಿಂದಲೇ ಶುರು ಮಾಡುತ್ತಾರೆ. ಚಿಕ್ಕ ರೆಕ್ಕೆಯ ಅಂಥ ಮಾದರಿ ವೇಗವಾಗಿ ಹೋದರೆ ಮಾತ್ರ ಗಾಳಿಯಲ್ಲಿ ನಿಲ್ಲುತ್ತದೆ. ಕಲಿಯುವವರಿಗೆ ಯೋಚಿಸಲು ಸಮಯವನ್ನೇ ಕೊಡುವುದಿಲ್ಲ. ಇವರು ಆರಿಸಿಕೊಂಡದ್ದು ಮೈಯ ಮೇಲ್ಗಡೆ ರೆಕ್ಕೆ ಇರುವ ತರಬೇತಿ ಮಾದರಿ. 5 ಮಿ.ಮೀ. ದಪ್ಪದ ಫೋಮ್ ಬೋರ್ಡನ್ನು ನಕ್ಷೆಯ ಪ್ರಕಾರ ಕತ್ತರಿಸಿ, ಮಡಚಿ, ಬಿಸಿ ಅಂಟಿನಿಂದ ಕೂಡಿಸಿದ್ದು. ರೆಕ್ಕೆಯ ಉದ್ದ 1200 ಮಿ.ಮೀ., ಅಗಲ ಎಲ್ಲ ಕಡೆಯೂ ಒಂದೇ, 200 ಮಿ.ಮೀ. ಬಾಲ್ಸಾ ಮರದಲ್ಲಿ ಕಟ್ಟಿದ ವಿಮಾನದ ಸೊಗಸು ನನಗೆ ಇಷ್ಟ. ಆದರೆ ಮೊದಲ ವಿಮಾನ ಬೀಳುವುದು ಖಚಿತ, ಫೋಮ್ ಆದರೆ ಅದೇ ಸಂಜೆ ಅಂಟಿಸಿ ಮತ್ತೆ ಹೋಗಬಹುದು. ಅಷ್ಟು ಸುಲಭವಾಗಿ ಅಂಟುವುದೇ ಈ ಪ್ರಕರಣದಲ್ಲಿ ತೊಂದರೆಗೆ ದಾರಿಯಾಯಿತು ಎಂಬುದನ್ನು ಮುಂದೆ ಹೇಳುತ್ತೇನೆ.

ನಿಯಂತ್ರಣ ಮೂರೇ: ಮೋಟಾರಿನ ವೇಗಕ್ಕೆ ಥ್ರಾಟಲ್, ಮೂಗನ್ನು ಏರಿಸಿ ಇಳಿಸಲು ಬಾಲದ ಎಲಿವೇಟರ್, ಎಡಬಲಕ್ಕೆ ತಿರುಗಿಸಲು ಬಾಲದ ರಡ್ಡರ್. ರೆಕ್ಕೆಯನ್ನು ವಾಲಿಸುವ ಏಲೆರಾನ್ ಇಲ್ಲ. ರೆಕ್ಕೆಯ ಎರಡೂ ತುದಿಗಳು ನಡುಭಾಗಕ್ಕಿಂತ ಸುಮಾರು 60 ಮಿ.ಮೀ. ಎತ್ತರದಲ್ಲಿರುವಂತೆ ರೆಕ್ಕೆಯನ್ನು ಬಾಗಿಸಲಾಗಿತ್ತು. ಈ ಬಾಗಿನಿಂದಾಗಿ, ವಿಮಾನ ಒಂದು ಬದಿಗೆ ವಾಲಿ ಜಾರತೊಡಗಿದರೆ ತಗ್ಗಿದ ರೆಕ್ಕೆಗೆ ಹೆಚ್ಚು ಎತ್ತುವ ಬಲ ಸಿಕ್ಕಿ ಅದು ತಾನಾಗಿಯೇ ಸಮಕ್ಕೆ ಮರಳುತ್ತದೆ. ರಡ್ಡರ್ ಒಂದರಿಂದಲೇ ತಿರುವೂ ಸಿಗುತ್ತದೆ. ಮೂಗಿನಲ್ಲಿ 1000 ಕೆ.ವಿ.ಯ (ಅಂದರೆ ಪ್ರತಿ ವೋಲ್ಟಿಗೆ ನಿಮಿಷಕ್ಕೆ 1000 ಸುತ್ತಿನ) ಬ್ರಶ್‌ಲೆಸ್ ಮೋಟಾರು, 9 ಇಂಚಿನ ಪ್ರೊಪೆಲ್ಲರ್, 30 ಆಂಪಿಯರಿನ ಇ.ಎಸ್.ಸಿ. ಎಂಬ ವೇಗ ನಿಯಂತ್ರಕ, ಎಲಿವೇಟರ್ ಮತ್ತು ರಡ್ಡರನ್ನು ಆಡಿಸುವ, ತಲಾ 9 ಗ್ರಾಂ ತೂಗುವ ಎರಡು ಸರ್ವೋಗಳು, ಮೂರು ಕೋಶಗಳ 2200 ಎಂ.ಎ.ಎಚ್. ಲಿಥಿಯಂ ಪಾಲಿಮರ್ ಬ್ಯಾಟರಿ. ಬ್ಯಾಟರಿಯೊಂದೇ 185 ಗ್ರಾಂ. ಎಲ್ಲ ಸೇರಿ ಹಾರಲು ಸಿದ್ಧವಾದ ತೂಕ 780 ಗ್ರಾಂ. ರೆಕ್ಕೆಯ ವಿಸ್ತೀರ್ಣ 24 ಚದರ ಡೆಸಿಮೀಟರ್ ಆದ್ದರಿಂದ ಪ್ರತಿ ಚದರ ಡೆಸಿಮೀಟರಿಗೆ ಸುಮಾರು 32 ಗ್ರಾಂ ಭಾರ. ತರಬೇತಿ ವಿಮಾನಕ್ಕೆ ಇದು ತೀರಾ ಹಗುರವಲ್ಲ, ಹೆಚ್ಚೂ ಅಲ್ಲ.

ನಕ್ಷೆಯಲ್ಲಿ ಗುರುತ್ವ ಕೇಂದ್ರವನ್ನು, ಅಂದರೆ ಹವ್ಯಾಸಿಗಳು ಸಿ.ಜಿ. ಎಂದೇ ಕರೆಯುವ ಬಿಂದುವನ್ನು, ರೆಕ್ಕೆಯ ಮುಂದಂಚಿನಿಂದ 55 ಮಿ.ಮೀ. ಹಿಂದಕ್ಕೆ ಗುರುತಿಸಿದ್ದರು. ರೆಕ್ಕೆಯ ಅಗಲದ ಲೆಕ್ಕದಲ್ಲಿ ಇದು ಶೇಕಡಾ 27ರ ಆಸುಪಾಸು. ಮೊದಲ ಹಾರಾಟಕ್ಕೆ ಮುನ್ನ ಇವರು ರೆಕ್ಕೆಯ ಕೆಳಗೆ ಎರಡೂ ಕಡೆ ಬೆರಳ ತುದಿ ಇಟ್ಟು ಎತ್ತಿ ನೋಡಿದ್ದರು. ವಿಮಾನ ತಕ್ಕಡಿಯ ದಂಡಿಗೆಯಂತೆ ಸಮವಾಗಿ ನಿಂತಿತ್ತು. ನಕ್ಷೆಯ ಅಂಚಿನಲ್ಲಿ ಪೆನ್ಸಿಲಿನಿಂದ "ಸಿ.ಜಿ. ಸರಿ ಇದೆ" ಎಂದು ಬರೆದರು. ಅಂದಿನ ಮಟ್ಟಿಗೆ ಅದು ಅಪ್ಪಟ ಸತ್ಯ. ಮುಂದಿನ ಒಂದು ತಿಂಗಳು ನಮ್ಮಿಬ್ಬರನ್ನೂ ದಾರಿ ತಪ್ಪಿಸಿದ್ದು ಆ ಒಂದು ಸಾಲು.

ನಾಲ್ಕು ದಿನಗಳು

ಮೊದಲ ದಿನ ಅವರು ಒಬ್ಬರೇ ಹೋಗಿದ್ದರು. ಬಲಗೈಯಲ್ಲಿ ವಿಮಾನ, ಎಡಗೈಯಲ್ಲಿ ಅದಕ್ಕೆ ಸಂಕೇತ ಕಳಿಸುವ ಟ್ರಾನ್ಸ್‌ಮಿಟರ್. ಥ್ರಾಟಲ್ ಅರ್ಧಕ್ಕೆ ಏರಿಸಿ, ಮೂಗನ್ನು ಆಕಾಶದ ಕಡೆ ಮಾಡಿ ಎಸೆದರು. ವೇಗವಿಲ್ಲದೆ ಮೇಲಕ್ಕೆ ಎಸೆದ ರೆಕ್ಕೆಯ ಮೇಲೆ ಗಾಳಿಯ ಹರಿವು ಕಿತ್ತುಹೋಗುತ್ತದೆ. ಸ್ಟಾಲ್ ಎನ್ನುವುದು ಇದನ್ನೇ. ಈ ತೂಕದ, ಈ ರೆಕ್ಕೆಯ ವಿಮಾನ ಗಂಟೆಗೆ ಸುಮಾರು 26 ಕಿ.ಮೀ.ಗಿಂತ ನಿಧಾನವಾದರೆ ನಿಲ್ಲಲಾರದು. ಎಡ ರೆಕ್ಕೆ ಕುಸಿಯಿತು, ವಿಮಾನ ಬಾಲದ ಮೇಲೆ ತಿರುಚಿಕೊಂಡು ಬಿತ್ತು. ಎರಡು ಸೆಕೆಂಡು. ಬಾಲ ಮೈಯಿಂದ ಮುರಿದುಬಂತು.

ಈ ಸಲ ಬಿದ್ದದ್ದು ನಿಜಕ್ಕೂ ಕೈಯ ತಪ್ಪೇ. ಸಮತಲವಾಗಿ, ಗಾಳಿಗೆ ಎದುರಾಗಿ, ಮುಕ್ಕಾಲು ಥ್ರಾಟಲಿನಲ್ಲಿ, ಈಟಿ ಎಸೆದಂತೆ ನೇರವಾಗಿ ತಳ್ಳಬೇಕಿತ್ತು. ನಾನು ಇದನ್ನು ಒತ್ತಿ ಹೇಳುವುದಕ್ಕೆ ಕಾರಣವಿದೆ. ಮೊದಲ ಸಲ ತಪ್ಪು ಕೈಯದಾಗಿದ್ದರಿಂದ, ಆಮೇಲಿನ ಮೂರು ಸಲವೂ ನಾವು ಅದೇ ಆರೋಪಿಯನ್ನು ಹಿಡಿದು ತಂದೆವು.

ಬಾಲವನ್ನು ಅವರು ತುಂಬಾ ಶ್ರದ್ಧೆಯಿಂದ ದುರಸ್ತಿ ಮಾಡಿದರು. ಇನ್ನೊಮ್ಮೆ ಮುರಿಯಬಾರದೆಂದು ಎರಡೂ ಬದಿಗೆ ತೆಳು ಪ್ಲೈವುಡ್ ಪಟ್ಟಿ, ಸುತ್ತ ಬಿಸಿ ಅಂಟು, ಅದರ ಮೇಲೆ ನಾರಿನ ಟೇಪು. ಕೈಯಲ್ಲಿ ಹಿಡಿದರೆ ಗಟ್ಟಿಮುಟ್ಟಾಗಿತ್ತು. ನಾನು ನೋಡಿ ಮೆಚ್ಚಿಕೊಂಡೆ.

ಎರಡನೆಯ ದಿನ ನಾನು ಜೊತೆಗಿದ್ದೆ, ವಿಮಾನವನ್ನು ನಾನೇ ಎಸೆದೆ. ಅದು ಹಾರಿತು. ಆದರೆ ಮೂಗು ಏರುವುದು, ಇಳಿಯುವುದು, ಮತ್ತೆ ಏರುವುದು, ಸಣ್ಣ ಅಲೆಯ ಮೇಲಿನ ದೋಣಿಯಂತೆ. ಅವರು ಪ್ರತಿ ಏರಿಕೆಗೂ ಎಲಿವೇಟರನ್ನು ಆಡಿಸುವ ಕಡ್ಡಿಯನ್ನು ಮುಂದಕ್ಕೆ ತಳ್ಳುತ್ತಿದ್ದರು, ಪ್ರತಿ ಇಳಿತಕ್ಕೂ ಹಿಂದಕ್ಕೆ ಎಳೆಯುತ್ತಿದ್ದರು. 40 ಸೆಕೆಂಡಿನ ಬಳಿಕ ಒಂದು ಇಳಿತ ನೆಲ ಮುಟ್ಟಿತು. ಹಾನಿ ಕಡಿಮೆ. ನಾನು ಎರಡು ಸಲಹೆ ಕೊಟ್ಟೆ. ಒಂದು, ಕೈ ಅತಿಯಾಗಿ ಆಡುತ್ತಿದೆ, ಎರಡು ವಾರ ಸಿಮ್ಯುಲೇಟರಿನಲ್ಲಿ ಅಭ್ಯಾಸ ಮಾಡಿ. ಎರಡು, ವಿಮಾನ ದುರಸ್ತಿಯಿಂದ ಭಾರವಾಗಿದೆ, ಸಣ್ಣ ಬ್ಯಾಟರಿ ಹಾಕಿ. ಹಗುರವಾದರೆ ನಿಧಾನವಾಗಿ ಹಾರುತ್ತದೆ, ಇಳಿಸಲು ಸುಲಭ.

ಎರಡೂ ಸಲಹೆಗಳನ್ನು ಅವರು ಅಕ್ಷರಶಃ ಪಾಲಿಸಿದರು. ದಿನಕ್ಕೆ ಅರ್ಧ ಗಂಟೆಯಂತೆ ಹದಿನಾಲ್ಕು ದಿನ ಸಿಮ್ಯುಲೇಟರ್. ಕೊನೆಕೊನೆಗೆ ಪರದೆಯ ಮೇಲಿನ ವಿಮಾನವನ್ನು ಎಂಟರ ಆಕಾರದಲ್ಲಿ ಸುತ್ತಿಸಿ ಓಡುದಾರಿಯ ಮೇಲೆ ಇಳಿಸುತ್ತಿದ್ದರು. 2200ರ ಬದಲು 1300 ಎಂ.ಎ.ಎಚ್. ಬ್ಯಾಟರಿ ತಂದರು, ತೂಕ 115 ಗ್ರಾಂ. ಅದೇ ಜಾಗದಲ್ಲಿ, ಅದೇ ಪಟ್ಟಿಯಲ್ಲಿ ಕಟ್ಟಿದರು.

ಮೂರನೆಯ ದಿನ ವಿಮಾನ ಕೈಬಿಟ್ಟ ಕೂಡಲೇ ಮೂಗೆತ್ತಿ ನಿಂತುಕೊಂಡಿತು. ಕಡ್ಡಿಯನ್ನು ಪೂರ್ತಿ ಮುಂದಕ್ಕೆ ತಳ್ಳಿದರೂ ಒಂದು ಕ್ಷಣ ಏನೂ ಆಗಲಿಲ್ಲ, ಆಮೇಲೆ ತಲೆಕೆಳಗಾಗಿ ಧುಮುಕಿತು. ಆರು ಸೆಕೆಂಡು. ಮೋಟಾರು ಕೂರಿಸಿದ್ದ ಪ್ಲೈವುಡ್ ಫಲಕ ಕಿತ್ತುಬಂದಿತ್ತು, ಅದನ್ನೇ ಮತ್ತೆ ಅಂಟಿಸಿದರು. ಎಲಿವೇಟರಿಗೆ ಶಕ್ತಿ ಸಾಲದೇನೋ ಎಂದು ನಾವಿಬ್ಬರೂ ಮಾತಾಡಿಕೊಂಡೆವು. ಸರ್ವೋದಿಂದ ಬರುವ ತಳ್ಳುಕಡ್ಡಿಯನ್ನು, ಎಲಿವೇಟರಿಗೆ ಅಂಟಿಸಿದ ಕಂಟ್ರೋಲ್ ಹಾರ್ನ್ ಎಂಬ ಸಣ್ಣ ತುಂಡಿನ ಒಳ ರಂಧ್ರಕ್ಕೆ ಬದಲಾಯಿಸಿ ಎಲಿವೇಟರಿನ ಚಲನೆಯನ್ನು 10 ಮಿ.ಮೀ.ನಿಂದ 18 ಮಿ.ಮೀ.ಗೆ ಹೆಚ್ಚಿಸಿದೆವು.

ನಾಲ್ಕನೆಯ ದಿನ, ಒಂಬತ್ತು ಸೆಕೆಂಡು. ಏರಿತು, ಧುಮುಕಿತು, ಇನ್ನೂ ಜೋರಾಗಿ ಏರಿತು, ಮೂಗಿನ ಮೇಲೆ ನೆಲಕ್ಕೆ ನಾಟಿತು. ಮೈಯ ಮುಂಭಾಗ ಸುಕ್ಕುಸುಕ್ಕಾಯಿತು. ಪೆಟ್ಟು ತಿಂದ ಬ್ಯಾಟರಿಯನ್ನು ಕಳಚಿ ಬಯಲಿನಲ್ಲಿ ಬರಿನೆಲದ ಮೇಲೆ ದೂರ ಇಟ್ಟು ಬಹಳ ಹೊತ್ತು ಕಾದೆವು. ಲಿಥಿಯಂ ಪಾಲಿಮರ್ ಕೋಶ ಒಳಗೆ ಜಜ್ಜಿದ್ದರೆ ತಡವಾಗಿ ಹೊತ್ತಿಕೊಳ್ಳಬಹುದು, ಆದ್ದರಿಂದ ಬಿದ್ದ ತಕ್ಷಣ ಅದನ್ನು ಕಾರಿನೊಳಗೆ ಹಾಕಿಕೊಳ್ಳಬಾರದು. ಆ ಕಾಯುವಿಕೆಯಲ್ಲೇ ಅವರು ಕೈಗೆ ಒಲಿಯದ ಮಾತನ್ನು ಆಡಿದ್ದು.

ಮೇಜಿನ ಮೇಲೆ

ಆ ರಾತ್ರಿ ನಾಲ್ಕೂ ಚಿತ್ರಣಗಳನ್ನು ಒಂದರ ಹಿಂದೆ ಒಂದು ನೋಡಿದೆ. ಎರಡನೆಯ ದಿನಕ್ಕಿಂತ ಮೂರನೆಯ ದಿನ ಹಾರಿಸುವವರು ಉತ್ತಮರಾಗಿದ್ದಾರೆ, ವಿಮಾನ ಕೆಟ್ಟಿದೆ. ಎರಡು ವಾರ ಕಲಿತು ಬಂದ ಕೈ 40 ಸೆಕೆಂಡಿನಿಂದ ಆರಕ್ಕೆ ಇಳಿದದ್ದು ಹೇಗೆ? ಅಂದ ಮೇಲೆ ಆ ಎರಡು ವಾರದಲ್ಲಿ ಬದಲಾದದ್ದು ಇನ್ನೇನೋ ಇರಬೇಕು. ಮರುದಿನ ಅವರ ಮನೆಗೆ ಹೋಗಿ, ಹೊಸ ಮೂಗನ್ನು ಕತ್ತರಿಸಿ ಕೂರಿಸಿ, ಪೆಟ್ಟು ತಿಂದ ಬ್ಯಾಟರಿಯ ಜಾಗದಲ್ಲಿ 115 ಗ್ರಾಂ ಮರಳಿನ ಪೊಟ್ಟಣ ಇಟ್ಟು, ವಿಮಾನವನ್ನು ನಕ್ಷೆಯ 55 ಮಿ.ಮೀ. ಗುರುತಿನಲ್ಲಿ ಬೆರಳ ಮೇಲೆ ಎತ್ತಿದೆವು. ಬಾಲ ಧೊಪ್ಪನೆ ಕೆಳಗೆ ಬಿತ್ತು. ಬೆರಳನ್ನು ಹಿಂದೆ ಸರಿಸುತ್ತಾ ಹೋದೆವು. ಸಮತೂಕ ಸಿಕ್ಕಿದ್ದು 85 ಮಿ.ಮೀ.ನಲ್ಲಿ, ರೆಕ್ಕೆಯ ಅಗಲದ ಶೇಕಡಾ 42ರಲ್ಲಿ.

"ನಾನು ನೋಡಿದ್ದೆನಲ್ಲ! ಸರಿ ಇತ್ತಲ್ಲ!" ಎಂದರು ಅವರು. ನೋಡಿದ್ದು ನಿಜ. ನೋಡಿದ ಮೇಲೆ ಎರಡು ಸಂಗತಿಗಳು ನಡೆದಿದ್ದವು.

ಮೊದಲನೆಯದು ಬಾಲದ ದುರಸ್ತಿ. ಪ್ಲೈವುಡ್, ಅಂಟು, ಟೇಪು ಎಲ್ಲವನ್ನೂ ಕಿತ್ತು ತೂಗಿದೆವು: 20 ಗ್ರಾಂ. ಒಂದು ಹಿಡಿ ಕಾಗದದಷ್ಟೂ ಅಲ್ಲ ಎನಿಸುತ್ತದೆ. ಆದರೆ ಅದು ಕೂತಿದ್ದ ಜಾಗ ರೆಕ್ಕೆಯ ಮುಂದಂಚಿನಿಂದ 600 ಮಿ.ಮೀ. ಹಿಂದೆ, ಅಂದರೆ ನಕ್ಷೆಯ ಸಿ.ಜಿ.ಯಿಂದ 545 ಮಿ.ಮೀ. ದೂರ. ಬ್ಯಾಟರಿ ಇರುವುದು ಮುಂದಂಚಿಗಿಂತ 100 ಮಿ.ಮೀ. ಮುಂದೆ, ಅಂದರೆ ಅದೇ ಬಿಂದುವಿನಿಂದ 155 ಮಿ.ಮೀ. ದೂರ. ಏತದ ಲೆಕ್ಕ ಬಲ್ಲವರಿಗೆ ಉಳಿದದ್ದು ಸ್ಪಷ್ಟ. 20ನ್ನು 545ರಿಂದ ಗುಣಿಸಿ 155ರಿಂದ ಭಾಗಿಸಿದರೆ 70 ಬರುತ್ತದೆ. ಬಾಲದಲ್ಲಿ ಕೂರಿಸಿದ 20 ಗ್ರಾಮನ್ನು ಸರಿದೂಗಿಸಲು ಬ್ಯಾಟರಿಯ ಜಾಗದಲ್ಲಿ 70 ಗ್ರಾಂ ಸೇರಿಸಬೇಕಿತ್ತು.

ಎರಡನೆಯದು ನನ್ನ ಸಲಹೆ. 185 ಗ್ರಾಂ ಬ್ಯಾಟರಿಯ ಬದಲು 115 ಗ್ರಾಮಿನದು. ವ್ಯತ್ಯಾಸ ಎಷ್ಟು? ಎಪ್ಪತ್ತು. ಯಾವ ಜಾಗದಲ್ಲಿ 70 ಗ್ರಾಂ ಸೇರಿಸಬೇಕಾಗಿತ್ತೋ ಅದೇ ಜಾಗದಿಂದ 70 ಗ್ರಾಮನ್ನು ತೆಗೆಯಲು ನಾನು ಹೇಳಿದ್ದೆ. ಕಾಗದದ ಮೇಲೆ ಆ ಅಂಕಿ ಮೂಡಿದಾಗ ಇಬ್ಬರೂ ಕೆಲಹೊತ್ತು ಮಾತಾಡಲಿಲ್ಲ.

ಲೆಕ್ಕವನ್ನು ಮೆಟ್ಟಿಲು ಮೆಟ್ಟಿಲಾಗಿ ಇಟ್ಟರೆ ಹೀಗಿದೆ. ಮೊದಲ ದಿನ 780 ಗ್ರಾಂ, ಸಿ.ಜಿ. 55 ಮಿ.ಮೀ. ದುರಸ್ತಿಯ ಬಳಿಕ ಎರಡನೆಯ ದಿನ 800 ಗ್ರಾಂ, ಸಿ.ಜಿ. ಸುಮಾರು 69. ಬ್ಯಾಟರಿ ಬದಲಾದ ಮೇಲೆ 730 ಗ್ರಾಂ, ಸಿ.ಜಿ. 85. ಲೆಕ್ಕವೂ ಬೆರಳೂ ಒಂದೇ ಉತ್ತರ ಕೊಟ್ಟವು. ಹಗುರವಾದದ್ದರಿಂದ ಸಿಕ್ಕ ಲಾಭವನ್ನೂ ಲೆಕ್ಕ ಹಾಕಿದೆ: ಸ್ಟಾಲ್ ಆಗುವ ವೇಗ ಗಂಟೆಗೆ ಒಂದು ಕಿ.ಮೀ.ಗಿಂತ ಸ್ವಲ್ಪ ಹೆಚ್ಚು ಇಳಿದಿತ್ತು, ಅಷ್ಟೇ. ಅದಕ್ಕಾಗಿ ವಿಮಾನದ ಸ್ಥಿರತೆಯನ್ನೇ ತೆತ್ತಿದ್ದೆವು.

ಹೆಬ್ಬೆರಳಿಗೆ ಯಾಕೆ ಸಾಧ್ಯವಾಗಲಿಲ್ಲ

ಸಿ.ಜಿ. ಹಿಂದೆ ಸರಿದರೆ ಏನಾಗುತ್ತದೆ ಎಂಬುದನ್ನು ಇಲ್ಲಿ ಬಿಡಿಸಿ ಹೇಳಬೇಕು, ಏಕೆಂದರೆ "ಬಾಲ ಭಾರ" ಎಂದು ಕೇಳಿದವರು ಬಾಲ ಕೆಳಗೆ ಜೋತುಬೀಳುತ್ತದೆ, ಅಷ್ಟೇ, ಟ್ರಿಮ್ ಮಾಡಿದರೆ, ಅಂದರೆ ಎಲಿವೇಟರಿನ ನಡುಸ್ಥಾನವನ್ನು ಸ್ವಲ್ಪ ಬದಲಿಸಿದರೆ, ಸರಿಹೋಗುತ್ತದೆ ಎಂದುಕೊಳ್ಳುತ್ತಾರೆ. ಪ್ರತಿ ವಿಮಾನಕ್ಕೂ ತಟಸ್ಥ ಬಿಂದು ಎಂಬ ಒಂದು ಜಾಗವಿದೆ. ಗಾಳಿಯ ಅಲೆ ಬಡಿದು ಮೂಗು ಮೇಲೆದ್ದಾಗ ರೆಕ್ಕೆಯಲ್ಲೂ ಬಾಲದಲ್ಲೂ ಹೆಚ್ಚಾಗುವ ಎತ್ತುಬಲ ಒಟ್ಟಾಗಿ ಕೆಲಸ ಮಾಡುವುದು ಆ ಬಿಂದುವಿನಲ್ಲಿ. ಸಿ.ಜಿ. ಅದಕ್ಕಿಂತ ಮುಂದಿದ್ದರೆ, ಹೆಚ್ಚಿದ ಬಲ ಹಿಂಭಾಗವನ್ನು ಎತ್ತಿ ಮೂಗನ್ನು ಮತ್ತೆ ಕೆಳಗಿಳಿಸುತ್ತದೆ. ಯಾರೂ ಏನೂ ಮಾಡಬೇಕಿಲ್ಲ. ಸಿ.ಜಿ. ಅದರ ಮೇಲೆಯೇ ಬಂದರೆ ವಿಮಾನಕ್ಕೆ ಮರಳುವ ಆಸೆಯೇ ಇರುವುದಿಲ್ಲ. ಹಿಂದೆ ಹೋದರೆ ಎದ್ದ ಮೂಗು ಇನ್ನಷ್ಟು ಏಳುತ್ತದೆ. ಈ ವಿಮಾನದ ಬಾಲದ ಅಳತೆ ಹಿಡಿದು ಮಾಡಿದ ನಮ್ಮ ಅಂದಾಜಿನಲ್ಲಿ ತಟಸ್ಥ ಬಿಂದು 86ರಿಂದ 90 ಮಿ.ಮೀ. ನಡುವೆ ಇತ್ತು. ಮೂರನೆಯ ಮತ್ತು ನಾಲ್ಕನೆಯ ದಿನ ನಾವು ಅದರ ಹೊಸ್ತಿಲಲ್ಲೇ ಹಾರಿಸಿದ್ದೆವು.

ಅಂಥ ವಿಮಾನವನ್ನು ನೆಟ್ಟಗೆ ಇಡುವ ಕೆಲಸವೆಲ್ಲ ಹಾರಿಸುವವರ ಪಾಲಿಗೆ ಬರುತ್ತದೆ. ಕಣ್ಣು ಕಂಡು, ತಲೆ ನಿರ್ಧರಿಸಿ, ಬೆರಳು ಅಲುಗಲು ಕಾಲು ಸೆಕೆಂಡಾದರೂ ಬೇಕು. ಅಷ್ಟರೊಳಗೆ ಮೂಗು ಇನ್ನಷ್ಟು ಎದ್ದಿರುತ್ತದೆ, ತಳ್ಳಿದ್ದು ಹೆಚ್ಚಾಗುತ್ತದೆ, ಅದನ್ನು ತಿದ್ದಲು ಎಳೆಯುತ್ತೇವೆ, ಅದೂ ತಡ, ಅದೂ ಹೆಚ್ಚು. ಅಲೆ ಬೆಳೆಯುತ್ತಾ ಹೋಗುತ್ತದೆ. ನಾವು ಎಲಿವೇಟರಿನ ಚಲನೆಯನ್ನು 18 ಮಿ.ಮೀ.ಗೆ ಏರಿಸಿದ್ದು ಈ ಅಲೆಗೆ ಇನ್ನಷ್ಟು ಬಲ ಕೊಟ್ಟಿತು. ನಾಲ್ಕನೆಯ ದಿನದ ಕೊನೆಯ ಏರಿಕೆ ಅಷ್ಟು ಜೋರಾಗಿದ್ದದ್ದು ಅದಕ್ಕೇ.

ಸಿಮ್ಯುಲೇಟರಿನ ಮೇಲೂ ಅವರಿಗೆ ಸಿಟ್ಟು ಬಂದಿತ್ತು, ಹದಿನಾಲ್ಕು ದಿನ ವ್ಯರ್ಥವಾಯಿತೆಂದು. ಅದು ನನಗೆ ಅನ್ಯಾಯ ಎನಿಸಿತು. ಅವರ ಸಿಮ್ಯುಲೇಟರಿನಲ್ಲಿ ವಿಮಾನದ ಸಿ.ಜಿ.ಯನ್ನು ಸರಿಸುವ ಅವಕಾಶವಿತ್ತು. ಅವರು ಸಲೀಸಾಗಿ ಇಳಿಸುತ್ತಿದ್ದ ಅದೇ ತರಬೇತಿ ವಿಮಾನದ ಸಿ.ಜಿ.ಯನ್ನು ಶೇಕಡಾ 42ಕ್ಕೆ ಒಯ್ದು "ಈಗ ಹಾರಿಸಿ" ಎಂದೆ. ಐದು ಸಲ ಪ್ರಯತ್ನಿಸಿದರು, ಐದು ಸಲವೂ ಬಿತ್ತು, ಅದೇ ಅಲೆ, ಅದೇ ಧುಮುಕು. ಆಮೇಲೆ ನಾನು ಹಿಡಿದೆ. ವರ್ಷಗಳಿಂದ ಹಾರಿಸುತ್ತಿರುವ ಕೈಯಲ್ಲೂ ಐದರಲ್ಲಿ ಎರಡು ಸಲ ಬಿತ್ತು, ಉಳಿದ ಮೂರು ಸಲ ಬೆವರಿದೆ. ಅವರ ಮುಖ ಅರಳಿದ್ದು ಆಗ. ಲೆಕ್ಕದ ಕಾಗದಕ್ಕಿಂತ ಈ ಹತ್ತು ನಿಮಿಷ ಅವರನ್ನು ಹೆಚ್ಚು ನಂಬಿಸಿತು ಎಂದು ನನ್ನ ಭಾವನೆ.

ಇದೇ ಅಲೆಯನ್ನು ರೈಟ್ ಸಹೋದರರೂ ಅನುಭವಿಸಿದ್ದಾರೆ. 1903ರ ಡಿಸೆಂಬರ್ 17ರಂದು ಹಾರಿದ ಅವರ ಫ್ಲೈಯರ್ ವಿಮಾನದ ಗುರುತ್ವ ಕೇಂದ್ರ ತೀರಾ ಹಿಂದಿತ್ತು. ಅಂದಿನ ನಾಲ್ಕನೆಯ, 59 ಸೆಕೆಂಡುಗಳ ಹಾರಾಟ ಏರಿಳಿತದಲ್ಲೇ ಶುರುವಾಗಿ, ಕೊನೆಗೆ ಮತ್ತೆ ಏರಿಳಿತಕ್ಕೆ ಸಿಕ್ಕಿ ನೆಲಕ್ಕೆ ಬಡಿದು ಮುಗಿಯಿತು. ಮರುವರ್ಷ ಅಮೆರಿಕದ ಡೇಟನ್ ನಗರದ ಬಳಿಯ ಹಫ್‌ಮನ್ ಪ್ರೇರಿ ಎಂಬ ಬಯಲಿನಲ್ಲಿ ಹೊಸ ವಿಮಾನದ ಜೊತೆ ಹೆಣಗಾಡುತ್ತಾ ಅವರು ಕೊನೆಗೆ ಮುಂಭಾಗದಲ್ಲಿ 70 ಪೌಂಡ್, ಅಂದರೆ ಸುಮಾರು 32 ಕಿಲೋ ಕಬ್ಬಿಣವನ್ನು ಕಟ್ಟಿದರು. ಒಂದೊಂದು ಗ್ರಾಂ ಉಳಿಸಲು ಒದ್ದಾಡುತ್ತಿದ್ದ ಕಾಲದಲ್ಲಿ, ಎಂಜಿನ್ನಿಗೆ ಎತ್ತಲು ಶಕ್ತಿ ಸಾಲದಿದ್ದ ದಿನಗಳಲ್ಲಿ, ಬರೀ ಭಾರವನ್ನು ಹೊತ್ತು ಹಾರಿದರು. ಅದಕ್ಕೂ ಮೂರು ದಶಕ ಮೊದಲು, 1871ರ ಆಗಸ್ಟಿನಲ್ಲಿ, ಆಲ್ಫೋನ್ಸ್ ಪೆನೋ ಎಂಬ ಫ್ರೆಂಚ್ ಯುವಕ ಪ್ಯಾರಿಸ್ಸಿನ ಟ್ಯುಯಿಲರಿ ಉದ್ಯಾನದಲ್ಲಿ ರಬ್ಬರ್ ಪಟ್ಟಿಯ ತಿರುಚಿನಿಂದ ಓಡುವ ಸಣ್ಣ ಮಾದರಿಯೊಂದನ್ನು ಹಾರಿಸಿದ್ದ. ಅದು ಯಾರ ನಿಯಂತ್ರಣವೂ ಇಲ್ಲದೆ 11 ಸೆಕೆಂಡು ನೆಟ್ಟಗೆ ಹಾರಿತು, ಏಕೆಂದರೆ ಅದರ ಬಾಲ ಮತ್ತು ತೂಕದ ಜೋಡಣೆ ಸರಿಯಾಗಿತ್ತು. ಇವೆರಡನ್ನೂ ನನ್ನ ಸಹೋದ್ಯೋಗಿಗೆ ಹೇಳಿದಾಗ, "ಹಾಗಾದರೆ ರೈಟ್ ಸಹೋದರರ ಕೈಯೂ ಸಾಲಲಿಲ್ಲ ಅನ್ನಿ" ಎಂದರು. ಹೌದು, ಸಾಲಲಿಲ್ಲ. ಅಂಥವರೂ ಭಾರ ಕಟ್ಟಿಕೊಂಡರು.

ತಿದ್ದಿದ್ದು

ಮೂಗಿಗೆ ಸೀಸ ಕಟ್ಟುವುದು ಎಲ್ಲರೂ ಮೊದಲು ಯೋಚಿಸುವ ದಾರಿ. ನನಗೆ ಅದು ಕೊನೆಯ ದಾರಿ. ಬಾಲದಲ್ಲಿ ಒಂದು ಗ್ರಾಂ ಕಳೆದರೆ ಮೂಗಿನಲ್ಲಿ ಮೂರೂವರೆ ಗ್ರಾಂ ಉಳಿಯುತ್ತದೆ ಎಂದ ಮೇಲೆ ಮೊದಲು ಕೈ ಹಾಕಬೇಕಾದದ್ದು ಬಾಲಕ್ಕೆ. ಹಳೆಯ ಪ್ಲೈವುಡ್ಡನ್ನೆಲ್ಲ ತೆಗೆದು, ಮುರಿದ ಅಂಚುಗಳನ್ನು ನೀಟಾಗಿ ಕತ್ತರಿಸಿ, ಒಳಗಿನಿಂದ ಫೋಮಿನದೇ ತುಂಡೊಂದನ್ನು ಸೇರಿಸಿ ತೆಳುವಾಗಿ ಅಂಟಿಸಿದರು. ಸೇರಿದ ತೂಕ 6 ಗ್ರಾಂ. ಬಾಲ ಇನ್ನೊಮ್ಮೆ ಮುರಿಯಬಹುದು. ಮುರಿದರೆ ಮತ್ತೆ ಅಂಟಿಸಬಹುದು. ದುರಸ್ತಿ ಮೂಲಕ್ಕಿಂತ ಗಟ್ಟಿಯಾಗಿರಬೇಕಿಲ್ಲ ಎಂಬುದನ್ನು ಒಪ್ಪಿಕೊಳ್ಳುವುದು ಶ್ರದ್ಧೆಯ ಕೆಲಸಗಾರರಿಗೆ ಕಷ್ಟ, ಅವರಿಗೂ ಕಷ್ಟವಾಯಿತು.

2200ರ ಬ್ಯಾಟರಿ ಮರಳಿ ಬಂತು. ಆಗ ಸಿ.ಜಿ. 59 ಮಿ.ಮೀ. ಹೊಸ ಮೂಗಿನ ಒಳಗೋಡೆಯನ್ನು ಸ್ವಲ್ಪ ಕೊರೆದು ಬ್ಯಾಟರಿಯನ್ನು 20 ಮಿ.ಮೀ. ಮುಂದಕ್ಕೆ ಸರಿಸಿದೆವು, 55ಕ್ಕೆ ಬಂದು ನಿಂತಿತು. ಒಂದು ಗ್ರಾಂ ಸೀಸವೂ ಬೇಕಾಗಲಿಲ್ಲ. ಎಲಿವೇಟರಿನ ಚಲನೆ ಮತ್ತೆ 10 ಮಿ.ಮೀ.ಗೆ ಇಳಿಯಿತು, ಟ್ರಾನ್ಸ್‌ಮಿಟರಿನಲ್ಲಿ ಶೇಕಡಾ 30ರಷ್ಟು ಎಕ್ಸ್‌ಪೋ ಹಾಕಿದೆವು; ಹೀಗೆ ಮಾಡಿದರೆ ಕಡ್ಡಿಯ ನಡುಭಾಗದ ಸಣ್ಣ ಅಲುಗಾಟಕ್ಕೆ ವಿಮಾನ ಮೆತ್ತಗೆ ಸ್ಪಂದಿಸುತ್ತದೆ. ಈ ಕೆಲಸವೆಲ್ಲ ಪ್ರೊಪೆಲ್ಲರ್ ಕಳಚಿಟ್ಟೇ ನಡೆಯಿತು. ಮೇಜಿನ ಮೇಲೆ ಬ್ಯಾಟರಿ ಜೋಡಿಸಿದಾಗ ಮೋಟಾರು ಅನಿರೀಕ್ಷಿತವಾಗಿ ತಿರುಗಿದರೆ ಆ 9 ಇಂಚು ಬೆರಳನ್ನು ಉಳಿಸುವುದಿಲ್ಲ. ಸಂಕೇತ ತಪ್ಪಿದರೆ ಮೋಟಾರು ನಿಲ್ಲುತ್ತದೆಯೇ ಎಂಬುದನ್ನು ಟ್ರಾನ್ಸ್‌ಮಿಟರ್ ಆರಿಸಿ ಪರೀಕ್ಷಿಸಿದೆವು. ಅದೊಂದು ಸಂದರ್ಭ ಬಿಟ್ಟರೆ ಟ್ರಾನ್ಸ್‌ಮಿಟರನ್ನು ಎಲ್ಲಕ್ಕಿಂತ ಮೊದಲು ಹಾಕಬೇಕು, ಎಲ್ಲಕ್ಕಿಂತ ಕೊನೆಗೆ ಆರಿಸಬೇಕು.

ಕೊನೆಯದಾಗಿ ರೆಕ್ಕೆಯ ಕೆಳಗೆ, ಎರಡೂ ಕಡೆ, ಮುಂದಂಚಿನಿಂದ ಸರಿಯಾಗಿ 55 ಮಿ.ಮೀ. ದೂರದಲ್ಲಿ ಬಿಸಿ ಅಂಟಿನ ಒಂದೊಂದು ಹನಿ ಇಟ್ಟರು. ಕಾಳಿನಷ್ಟು ದಪ್ಪ. ಇದು ಅವರದೇ ಯೋಚನೆ, ನನಗೆ ತುಂಬಾ ಹಿಡಿಸಿತು. ಬ್ಯಾಟರಿ ಕೂರಿಸಿದ ಪ್ರತಿ ಸಲವೂ ಬೆರಳ ತುದಿ ತಾನಾಗಿ ಆ ಹನಿಯನ್ನು ಹುಡುಕಿಕೊಳ್ಳುತ್ತದೆ, ಎತ್ತಿ ನೋಡಲು ಮೂರು ಸೆಕೆಂಡು ಸಾಕು.

ಐದನೆಯ ದಿನ

ಗಾಳಿ ಏಳುವ ಮುನ್ನ, ಬೆಳಗ್ಗೆ ಬೇಗ, ಜನವಿಲ್ಲದ ಅಗಲ ಬಯಲು. ಹುಲ್ಲಿನ ತುದಿ ಅಷ್ಟಿಷ್ಟು ಅಲುಗುತ್ತಿತ್ತು. ನಾನು ಎಸೆದೆ, ಅವರು ಹಿಡಿದರು. ಮೊದಲ ಹತ್ತು ಸೆಕೆಂಡು ನಾನು ವಿಮಾನವನ್ನು ನೋಡಲಿಲ್ಲ, ಅವರ ಹೆಬ್ಬೆರಳನ್ನು ನೋಡುತ್ತಿದ್ದೆ. ಅದು ಹೆಚ್ಚುಕಡಿಮೆ ಸುಮ್ಮನಿತ್ತು. ತಲೆ ಎತ್ತಿದಾಗ ವಿಮಾನ ಮರದೆತ್ತರ ದಾಟಿ, ನಿಧಾನವಾಗಿ ಏರುತ್ತಾ ಹೋಗುತ್ತಿತ್ತು.

ಸುಮಾರು 40 ಮೀಟರ್ ಎತ್ತರದಲ್ಲಿ ಟ್ರಿಮ್ ಸರಿಪಡಿಸಿಕೊಂಡ ಮೇಲೆ ಒಂದು ಪರೀಕ್ಷೆ ಮಾಡಿಸಿದೆ. ಥ್ರಾಟಲ್ ತಗ್ಗಿಸಿ, ಮೂಗನ್ನು ಹದವಾಗಿ ಕೆಳಗೆ ಮಾಡಿ, ಕಡ್ಡಿಯನ್ನು ನಡುವಿಗೆ ಬಿಟ್ಟುಬಿಡಬೇಕು. ವಿಮಾನ ರಭಸದಿಂದ ಮೇಲಕ್ಕೆ ಎಳೆದುಕೊಂಡರೆ ಮೂಗು ಭಾರ. ಇನ್ನಷ್ಟು ಕಡಿದಾಗಿ ಧುಮುಕಿದರೆ ಬಾಲ ಭಾರ, ತಕ್ಷಣ ಕಡ್ಡಿ ಎಳೆದು ಎತ್ತಿಕೊಳ್ಳಬೇಕು. ನಮ್ಮದು ಉದ್ದನೆಯ ಕಮಾನಿನಲ್ಲಿ ಮೆಲ್ಲಗೆ ತಾನೇ ಎದ್ದು ಬಂತು. ಅವರು ಒಂದು ಮಾತೂ ಆಡಲಿಲ್ಲ, ಉಸಿರು ಬಿಟ್ಟದ್ದು ಕೇಳಿಸಿತು.

ಆಮೇಲೆ ಕೈಯ ನಿಜವಾದ ತಪ್ಪುಗಳು ಹೊರಬಂದವು. ವಿಮಾನ ತಮ್ಮ ಕಡೆ ತಿರುಗಿ ಬರುವಾಗ ಎಡಬಲ ಅದಲುಬದಲಾಗುತ್ತದೆ. ಎರಡು ಸಲ ತಪ್ಪು ದಿಕ್ಕಿಗೆ ತಿರುಗಿಸಿದರು. ಎದುರು ಬರುವಾಗ ಯಾವ ರೆಕ್ಕೆ ತಗ್ಗಿದೆಯೋ ಆ ಕಡೆಗೆ ಕಡ್ಡಿ ಒತ್ತಿ, ರೆಕ್ಕೆಗೆ ಊರುಗೋಲು ಕೊಟ್ಟಂತೆ ಎಂದೆ. ಮೂರನೆಯ ಸಲ ಸರಿಯಾಯಿತು. ಸಿಮ್ಯುಲೇಟರಿನ ಹದಿನಾಲ್ಕು ದಿನಗಳು ಕೆಲಸಕ್ಕೆ ಬಂದದ್ದು ಇಲ್ಲಿ. ಗಾಳಿಗೆ ಬೆನ್ನು ಕೊಟ್ಟು ಇಳಿಸಲು ಹೊರಟಿದ್ದನ್ನು ನಿಲ್ಲಿಸಿ, ಇನ್ನೊಂದು ಸುತ್ತು ಹಾಕಿಸಿದೆ. 6 ನಿಮಿಷ 20 ಸೆಕೆಂಡಿಗೆ ಹುಲ್ಲಿನ ಮೇಲೆ ಇಳಿಯಿತು, ಎರಡು ಸಲ ಪುಟಿದು ಒಂದು ಕಡೆ ರೆಕ್ಕೆ ಊರಿ ನಿಂತಿತು. ಬ್ಯಾಟರಿಯ ಪ್ರತಿ ಕೋಶದಲ್ಲೂ 3.8 ವೋಲ್ಟ್ ಉಳಿದಿತ್ತು, ಇನ್ನೊಂದು ಸುತ್ತಿಗೆ ಆಸೆ ಪಡದೆ ಕಳಚಿಟ್ಟರು.

ಈಗ ಅವರ ಉಪಕರಣದ ಪೆಟ್ಟಿಗೆಯಲ್ಲಿ ಒಂದು ಸಣ್ಣ ನೋಟುಪುಸ್ತಕವಿದೆ. ಏನೇ ಅಂಟಿಸಿದರೂ, ಏನೇ ಬದಲಾಯಿಸಿದರೂ ಅದರ ತೂಕ, ಜಾಗ, ಅದಾದ ಮೇಲಿನ ಸಿ.ಜಿ. ಎಲ್ಲವೂ ಅದರಲ್ಲಿ ದಾಖಲಾಗುತ್ತವೆ. ಹಳೆಯ ನಕ್ಷೆಯನ್ನು ಅದರ ಹೊದಿಕೆಯೊಳಗೆ ಮಡಚಿಟ್ಟಿದ್ದಾರೆ. "ಸಿ.ಜಿ. ಸರಿ ಇದೆ" ಎಂಬ ಸಾಲನ್ನು ಅವರು ಅಳಿಸಿಲ್ಲ, ಪಕ್ಕದಲ್ಲಿ ಆ ಮೊದಲ ದಿನದ ತಾರೀಖನ್ನು ಬರೆದಿದ್ದಾರೆ.